ನಿಧಾನದವರ ಸರದಿ

ಬೆಂಗಳೂರಿನಲ್ಲಿ ವೈಫೈ ಸ್ಲೋ ಆದರೆ ನಾಲ್ಕು ಮಾತು ಬೈದುಕೊಂಡು ಮೊಬೈಲ್ ಡೇಟಾ ಆನ್ ಮಾಡಿಕೊಂಡರೆ ಕತೆ ಮುಗೀತು. ನಮ್ಮೂರಲ್ಲಿ ಹಾಗಲ್ಲ. ಮೊಬೈಲ್ ಸಿಗ್ನಲ್ ಬೇಕು ಅಂದ್ರೆ ಮನೆ ಹಿಂದಿನ ಗುಡ್ಡ ಹತ್ತಬೇಕು, ಹತ್ತಿದ ಮೇಲೂ ಎರಡು ಕಡ್ಡಿ ಬಂದರೆ ಪುಣ್ಯ. ಹೊರಗಿನ ಪ್ರಪಂಚಕ್ಕೂ ನಮ್ಮ ಮನೆಗೂ ಇರುವ ಸಂಬಂಧ ಅಂದರೆ ಕರೆಂಟು ಕಂಬಗಳ ಮೇಲೆ ಜೋತಾಡುತ್ತಾ ಕಾಡು ದಾಟಿ ಬರುವ ಒಂದು ಕಪ್ಪು ಫೈಬರ್ ವೈರು, ಅದರ ತುದಿಗೊಂದು ಬಿಳಿ ಡಬ್ಬಿ. ಆ ಡಬ್ಬಿ ಸರಿ ಇದ್ದರೆ ನಾನು ಊರಲ್ಲಿ ಇರಬಹುದು. ಇಲ್ಲದಿದ್ದರೆ ಇಲ್ಲ.

ಅಮ್ಮ ಹೋದಮೇಲೆ ಸಾಗರದ ಹತ್ತಿರದ ಆ ಮನೆಯಲ್ಲಿ ಅಪ್ಪ ಒಬ್ಬನೇ ಆದ. ಬೆಂಗಳೂರಿಗೆ ಬಾ ಅಂದರೆ, "ಅಲ್ಲಿ ಎಂತ ಮಾಡದು? ಬಾಲ್ಕನಿಲಿ ನಿಂತ್ಕಂಡು ಕಾರು ಎಣ್ಸದಾ?" ಅಂತ ಬಾಯಿ ಮುಚ್ಚಿಸಿಬಿಟ್ಟ. ಕೊನೆಗೆ ನಾನೇ ಮ್ಯಾನೇಜರ್ ಹತ್ತಿರ ಮಾತಾಡಿ, ಅಡಕೆ ಕೊಯ್ಲು ಮುಗಿಯುವವರೆಗೆ ಊರಿಂದಲೇ ಕೆಲಸ ಮಾಡುತ್ತೇನೆ ಅಂತ ಒಪ್ಪಿಸಿ ಬಂದೆ. ಒಂದೇ ಕಂಡೀಷನ್ನು: ಕಾಲ್‌ಗಳಲ್ಲಿ ತೊಂದರೆ ಆಗಬಾರದು.

ದೀಪಾವಳಿ ತನಕ ಎಲ್ಲ ಚೆನ್ನಾಗಿತ್ತು. ಆಮೇಲೆ ಶುರುವಾಯಿತು. ಬೆಳಗ್ಗೆ ಏಳಕ್ಕೆ ಸ್ಪೀಡ್ ಟೆಸ್ಟ್ ಮಾಡಿದರೆ 40 ಎಂಬಿಪಿಎಸ್. ಹನ್ನೊಂದಕ್ಕೆ 12. ಮಧ್ಯಾಹ್ನ ಮೂರಕ್ಕೆ, ಸರಿಯಾಗಿ ನಮ್ಮ ಟೀಮ್ ಮೀಟಿಂಗಿನ ಹೊತ್ತಿಗೆ, 3. ರೌಟರ್ ಆಫ್ ಮಾಡಿ ಆನ್ ಮಾಡಿದರೆ ಸ್ವಲ್ಪ ಹೊತ್ತು ಮತ್ತೆ 40. ಇಂಟರ್‌ನೆಟ್ ಕಂಪನಿಗೆ ಫೋನ್ ಮಾಡಿದರೆ, "ರೀಸ್ಟಾರ್ಟ್ ಮಾಡಿದ್ರಾ ಸರ್?" "ಮಾಡಿದೆ." "ಸರಿ ಹೋಯ್ತಾ ಸರ್?" "ಹೋಯ್ತು, ಆದರೆ..." "ಥ್ಯಾಂಕ್ಯೂ ಸರ್." ಮೂರನೇ ವಾರಕ್ಕೆ ಮ್ಯಾನೇಜರ್ ಮೆಸೇಜು ಬಂತು. ಸಿಟ್ಟೇನೂ ಇರಲಿಲ್ಲ, ಅದೇ ಹೆದರಿಕೆ ಹುಟ್ಟಿಸಿದ್ದು: ಅಲ್ಲಿ ಕಷ್ಟ ಆಗ್ತಿದ್ದರೆ ಮುಂದಿನ ತಿಂಗಳಿಂದ ಆಫೀಸಿಗೇ ಬಂದುಬಿಡು, ಪರವಾಗಿಲ್ಲ.

ನಮ್ಮ ಮನೆಗೆ ನೀರು ಬರುವುದು ಮೇಲಿನ ಹಳ್ಳದಿಂದ. ಅಬ್ಬಿ ನೀರು. ಪಂಪು ಗಿಂಪು ಏನಿಲ್ಲ, ಪೈಪಿನಲ್ಲಿ ತಾನಾಗಿಯೇ ಇಳಿದು ಬರುತ್ತದೆ. ನೀರು ಸಣ್ಣಗಾದರೆ ಅಪ್ಪ ಕತ್ತಿ ಹಿಡಿದು ಹೊರಡುತ್ತಾನೆ. ಆದರೆ ಸೀದಾ ಹಳ್ಳಕ್ಕೆ ಹೋಗುವುದಿಲ್ಲ. ಲೈನಿನ ಅರ್ಧದಾರಿಯಲ್ಲಿರುವ ಜಾಯಿಂಟ್ ಬಿಚ್ಚಿ ನೋಡುತ್ತಾನೆ. ಅಲ್ಲಿ ನೀರು ಜೋರಾಗಿ ಬಂದರೆ ತೊಂದರೆ ಕೆಳಗೆ, ಬರದಿದ್ದರೆ ಮೇಲೆ. ಉಳಿದ ಅರ್ಧವನ್ನು ಮತ್ತೆ ಅರ್ಧ ಮಾಡುತ್ತಾನೆ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಬೈನರಿ ಸರ್ಚ್ ಅಂತ ನಾನು ಒಂದು ಸೆಮಿಸ್ಟರ್ ಓದಿದ್ದು ಇದನ್ನೇ.

ನಾನೂ ಜಾಯಿಂಟ್ ಬಿಚ್ಚಿದೆ. ಮಧ್ಯಾಹ್ನ ಸ್ಪೀಡು ಬಿದ್ದ ಹೊತ್ತಿಗೆ ಸರಿಯಾಗಿ ಲ್ಯಾಪ್‌ಟಾಪನ್ನು ಕೇಬಲ್ ಹಾಕಿ ರೌಟರಿಗೇ ಸಿಕ್ಕಿಸಿದೆ. ಪೂರ್ತಿ 40. ಅಂದಮೇಲೆ ಫೈಬರ್ ಸರಿ ಇದೆ, ಕಂಪನಿಯೂ ಸರಿ ಇದೆ. ಕೇಬಲ್ ತೆಗೆದು, ವೈಫೈಯಲ್ಲಿ ರೌಟರಿಗೇ, ಅಂದರೆ 192.168.1.1ಕ್ಕೆ ಪಿಂಗ್ ಮಾಡಿದೆ. ಹತ್ತಡಿ ದೂರದ ಡಬ್ಬಿ. ಬೆಳಗ್ಗೆ 2 ಮಿಲಿಸೆಕೆಂಡಿಗೆ ಬರುತ್ತಿದ್ದ ಉತ್ತರ ಈಗ 400, 600. ಆದರೆ ಸಿಗ್ನಲ್ ಬಲ ಬೆಳಗ್ಗೆ ಎಷ್ಟಿತ್ತೋ ಅಷ್ಟೇ, ಮೈನಸ್ 48 ಡಿಬಿಎಂ. ಇದು ಮುಖ್ಯ. ಸಿಗ್ನಲ್ ಚೆನ್ನಾಗಿದ್ದೂ ಉತ್ತರ ತಡವಾಗುತ್ತಿದೆ ಅಂದರೆ, ನನ್ನ ಮಾತು ರೌಟರಿಗೆ ಕೇಳಿಸುತ್ತಿಲ್ಲ ಅಂತಲ್ಲ. ನನಗೆ ಮಾತಾಡಲು ಸರದಿಯೇ ಸಿಗುತ್ತಿಲ್ಲ ಅಂತ.

ಇದೇ ಸಮಸ್ಯೆ ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಆಗಿದ್ದರೆ ಮೊದಲ ಅನುಮಾನ ಅಕ್ಕಪಕ್ಕದವರ ಮೇಲೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಎಷ್ಟೋ ರೌಟರುಗಳು ಆನ್ ಆಗುವಾಗ ಒಮ್ಮೆ ಸುತ್ತ ನೋಡಿ ಖಾಲಿ ಇರುವ ಚಾನೆಲ್ ಹಿಡಿಯುತ್ತವೆ, ಆಮೇಲೆ ಅಲ್ಲೇ ಕೂತಿರುತ್ತವೆ. ಸಂಜೆ ಇಡೀ ಬಿಲ್ಡಿಂಗು ಮನೆಗೆ ಬಂದು ಅದೇ ಚಾನೆಲ್ಲಿನಲ್ಲಿ ಸಿನಿಮಾ ನೋಡಲು ಶುರುಮಾಡಿದರೂ ಜಾಗ ಬಿಡುವುದಿಲ್ಲ. ರೀಸ್ಟಾರ್ಟ್ ಮಾಡಿದಾಗ ಸರಿಹೋಗುವುದಕ್ಕೆ ಇದೂ ಒಂದು ಕಾರಣ. ಅಂಥವರು 5 ಗಿಗಾಹರ್ಟ್ಸ್‌ಗೆ ಹೋಗುವುದು ಒಳ್ಳೆಯದು. ಅಲ್ಲಿ ಜಾಗ ಜಾಸ್ತಿ, ಗೋಡೆ ದಾಟುವ ಶಕ್ತಿ ಕಡಿಮೆ. ಇನ್ನು ಕೆಲವರ ಮನೆಯಲ್ಲಿ ರೌಟರು ಟಿವಿ ಸ್ಟ್ಯಾಂಡಿನ ಒಳಗೆ ಗಾಳಿಯಿಲ್ಲದೆ ಬಿಸಿಯಾಗಿ ಸುಸ್ತಾಗಿರುತ್ತದೆ. ನಮ್ಮಲ್ಲಿ ಇದ್ಯಾವುದೂ ಅಲ್ಲ. ಪಕ್ಕದ ಮನೆಗೆ ಅರ್ಧ ಕಿಲೋಮೀಟರು. ಸ್ಕ್ಯಾನ್ ಮಾಡಿದರೆ ಕಾಣುವ ನೆಟ್‌ವರ್ಕು ಒಂದೇ, ನಮ್ಮದು. ನಮ್ಮ ರೌಟರಿಗೆ ಇರುವ ಬ್ಯಾಂಡೂ ಒಂದೇ, 2.4. ಡಬ್ಬಿ ಮುಟ್ಟಿ ನೋಡಿದರೆ ಉಗುರು ಬೆಚ್ಚಗೆ.

ರೌಟರಿನ ಪೇಜಿಗೆ ಲಾಗಿನ್ ಆಗಿ, ಯಾರ್ಯಾರು ಕನೆಕ್ಟ್ ಆಗಿದ್ದಾರೆ ಅಂತ ಪಟ್ಟಿ ತೆಗೆದೆ. ನನ್ನ ಲ್ಯಾಪ್‌ಟಾಪು, ನನ್ನ ಫೋನು, ಅಪ್ಪನ ಫೋನು. ಕೊನೆಯ ಸಾಲಿನಲ್ಲಿ ಕ್ಯಾಮೆರಾ. ಸಿಗ್ನಲ್ ಮೈನಸ್ 86. ವೇಗ 1 ಎಂಬಿಪಿಎಸ್.

ಆ ಕ್ಯಾಮೆರಾ ಅಮೆರಿಕದಲ್ಲಿರುವ ಅಕ್ಕ ಹಾಕಿಸಿದ್ದು. ಅಂಗಳದಾಚೆ ಕೊಟ್ಟಿಗೆ ಮಾಡಿಗೆ ಕೂರಿಸಿದ್ದು, ಅಂಗಳ ಮತ್ತು ಜಗಲಿ ಎರಡೂ ಕಾಣುತ್ತದೆ. ಏನಾದರೂ ಅಲುಗಾಡಿದರೆ ವಿಡಿಯೋ ತೆಗೆದು ಕಳಿಸುತ್ತದೆ. ಮಳೆಗಾಲದಲ್ಲಿ ಅಂಗಳದಲ್ಲಿ ಅಲುಗಾಡುವುದು ಅಪ್ಪ ಮತ್ತು ನಾಯಿ, ಇಬ್ಬರೇ. ಕೊಯ್ಲು ಶುರುವಾದ ಮೇಲೆ ದಿನವಿಡೀ ಜನ. ಕೊನೆ ಹೊರುವವರು, ಸುಲಿಯುವವರು, ಹರಡುವವರು. ಅದರ ಜೊತೆಗೆ ಅಂಗಳದ ಅಟ್ಟದ ತುಂಬ ಬೇಯಿಸಿದ ಹಸಿ ಅಡಕೆ. ರೌಟರು ಇದ್ದಿದ್ದು ಒಳಗೆ, ಇನ್ವರ್ಟರ್ ಪಕ್ಕ. ಮಧ್ಯೆ ದಪ್ಪ ಚಿರೆಕಲ್ಲಿನ ಗೋಡೆ ಬೇರೆ. ಒದ್ದೆ ವಸ್ತುಗಳು ಈ ಅಲೆಗಳನ್ನು ಚೆನ್ನಾಗಿ ಹೀರುತ್ತವೆ. ಅಂದರೆ ಕ್ಯಾಮೆರಾಕ್ಕೆ ಹೇಳುವುದು ಜಾಸ್ತಿಯಾದ ಹೊತ್ತಿಗೇ ದನಿ ಸಣ್ಣಗಾಗಿತ್ತು.

ವೈಫೈಯ ನಿಯಮ ನಮ್ಮೂರ ಸೊಸೈಟಿಯ ರೇಷನ್ ಕ್ಯೂ ಇದ್ದಹಾಗೆ. ಒಂದು ಸಲಕ್ಕೆ ಒಬ್ಬರು. ಎಲ್ಲರಿಗೂ ಸರದಿ ಸಮ, ಆದರೆ ಪ್ರತಿಯೊಬ್ಬರೂ ತೆಗೆದುಕೊಳ್ಳುವ ಹೊತ್ತು ಸಮ ಅಲ್ಲ. ಅಡಕೆ ಸುಲಿದು ಸುಲಿದು ಹೆಬ್ಬೆಟ್ಟಿನ ಗೆರೆ ಅಳಿಸಿಹೋದ ಅಜ್ಜಿಯೊಬ್ಬಳು ಮಷೀನಿನ ಮೇಲೆ ಬೆರಳೊತ್ತುತ್ತಾ ನಿಂತರೆ ಹಿಂದಿನವರೆಲ್ಲ ಕಾಯಬೇಕು. 1500 ಬೈಟಿನ ಒಂದು ಪ್ಯಾಕೆಟ್ ಅಂದರೆ 12,000 ಬಿಟ್. ನನ್ನ ಫೋನು 72 ಎಂಬಿಪಿಎಸ್‌ನಲ್ಲಿ ಅದನ್ನು 0.17 ಮಿಲಿಸೆಕೆಂಡಿನಲ್ಲಿ ಕಳಿಸಿ ಪಕ್ಕಕ್ಕೆ ಸರಿಯುತ್ತದೆ. ಆ ಕ್ಯಾಮೆರಾಕ್ಕೆ ಬೇಕಾದ್ದು 12 ಮಿಲಿಸೆಕೆಂಡು, ಎಪ್ಪತ್ತು ಪಟ್ಟು. ಅದು ಒಂದು ಮಾತು ಮುಗಿಸುವ ತನಕ ಉಳಿದವರೆಲ್ಲ ಬಾಯಿ ಮುಚ್ಚಿಕೊಂಡು ಇರಬೇಕು. ರೀಸ್ಟಾರ್ಟ್ ಮಾಡಿದಾಗ ಚೆನ್ನಾಗಿರುತ್ತಿದ್ದುದೂ ಅದಕ್ಕೇ: ಅಷ್ಟು ದೂರದ ಕ್ಯಾಮೆರಾ ಮತ್ತೆ ಬಂದು ಸೇರಿಕೊಳ್ಳುವವರೆಗೆ ಕ್ಯೂ ಖಾಲಿ. ಪರೀಕ್ಷೆಗೆ ಅಂತ ಕ್ಯಾಮೆರಾ ಬ್ಲಾಕ್ ಮಾಡಿದೆ. ಪಿಂಗ್ ಅದೇ ಕ್ಷಣಕ್ಕೆ 2ಕ್ಕೆ ಇಳಿಯಿತು.

ಆಫೀಸುಗಳ ನೆಟ್‌ವರ್ಕಿನಲ್ಲಿ ಇದಕ್ಕೆ ರೆಡಿಮೇಡ್ ಪರಿಹಾರ ಇದೆ. 1, 2 ಎಂಬಿಪಿಎಸ್ ಅನ್ನುವುದು 1997ರ ಮೊದಲ ವೈಫೈ ಮಾನದಂಡದ ವೇಗ. ಅದನ್ನು ಸೆಟ್ಟಿಂಗ್ಸಿನಲ್ಲಿ ಬಂದ್ ಮಾಡಿಬಿಡುತ್ತಾರೆ. ಅಷ್ಟು ನಿಧಾನ ಮಾತಾಡುವವರು ತಾವಾಗಿ ಹೊರಗೆ ಬೀಳುತ್ತಾರೆ, ಉಳಿದವರು ಆರಾಮ. ನಮ್ಮ ರೌಟರಿನಲ್ಲೂ ಆ ಆಪ್ಷನ್ ಇತ್ತು.

ಸಂಜೆ ಅಪ್ಪನಿಗೆ ಹೇಳಿದೆ. ಹೆಂಗೂ ನಾನೇ ಇಲ್ಲಿದ್ದೀನಲ್ಲ, ಕ್ಯಾಮೆರಾ ತೆಗೆದುಬಿಡಲಾ? ಮೊದಲಿಂದಲೂ ಅವನಿಗೆ ಅದು ಇಷ್ಟ ಇರಲಿಲ್ಲ. ಹಾಕಿದ ದಿನ, ನಾನೇನು ಕಳ್ಳನಾ ಅಂತ ರೇಗಿದ್ದ. ಖುಷಿಯಿಂದ ಹೂಂ ಅಂತಾನೆ ಅಂದುಕೊಂಡಿದ್ದೆ.

"ಇರ್ಲಿ ಬಿಡಾ" ಅಂದ. ಕವಳದ ಸಂಚಿಯಲ್ಲಿ ಸುಣ್ಣದ ಡಬ್ಬಿ ಹುಡುಕುತ್ತಾ, ನನ್ನ ಮುಖ ನೋಡದೆ, "ಕೂಸು ನೋಡ್ತಾ ಇರ್ತು ಹೇಳೇ ಆನು ದಿನಾ ಬೆಳಗ್ಗೆ ಅಂಗಳದಲ್ಲಿ ಎರಡು ಸುತ್ತು ಹಾಕದು."

ನಾನು ಸುಮ್ಮನಾದೆ. ಅವನು ಬೆಳಗ್ಗೆ ಏಳೂವರೆಗೆ ಅಂಗಳಕ್ಕೆ ಇಳಿಯುವುದನ್ನು ತಿಂಗಳುಗಟ್ಟಲೆ ನೋಡಿದ್ದೆ. ಅಲ್ಲಿ ಅಕ್ಕನ ಮನೆಯಲ್ಲಿ ಊಟ ಮುಗಿಯುವ ಹೊತ್ತು ಅದು. ಫೋನಿನಲ್ಲಿ ಅವರಿಬ್ಬರು ಮಾತಾಡುವುದು ವಾರಕ್ಕೊಮ್ಮೆ, ಅದೂ ಅಡಕೆ ರೇಟು, ಹವಾಮಾನ. ದಿನಾ ನಡೆಯುವ ಈ ಮಾತುಕತೆಯಲ್ಲಿ ಸದ್ದೇ ಇಲ್ಲ.

ಅಂದಮೇಲೆ ಕ್ಯಾಮೆರಾ ಇರಬೇಕು, ನನ್ನ ಕೆಲಸವೂ ನಡೀಬೇಕು. ಕ್ಯಾಮೆರಾಕ್ಕೆ ಸೀದಾ ಕೇಬಲ್ ಎಳೆಯಬಹುದಿತ್ತು, ದೂರ ನಲವತ್ತು ಮೀಟರೂ ಇಲ್ಲ. ಆದರೆ ನಮ್ಮ ಕಡೆ ಸಿಡಿಲು ಅಂದರೆ ಸಿಡಿಲು. ಬಯಲಲ್ಲಿ ತಾಮ್ರದ ತಂತಿ ಎಳೆದು ಅದನ್ನು ಮನೆಯೊಳಗೆ ತರುವುದು ಬೇಡ ಅನ್ನಿಸಿತು. ಫೈಬರ್ ಗಾಜು, ಅದಕ್ಕೆ ಆ ಭಯ ಇಲ್ಲ. ಕೇಬಲ್ ಹುಡುಗನಿಗೆ ಹೇಳಿ ಹದಿನೈದು ಮೀಟರಿನ ಫೈಬರ್ ಕಾರ್ಡ್ ತರಿಸಿ, ರೌಟರನ್ನೇ ಒಳಗಿಂದ ಜಗಲಿಗೆ ತಂದೆವು. ಜಗಲಿಗೂ ಕೊಟ್ಟಿಗೆಗೂ ಮಧ್ಯೆ ಗೋಡೆಯಿಲ್ಲ, ಕಂಬದ ಮೇಲಿಟ್ಟರೆ ಅಟ್ಟದ ಅಡಕೆಯೂ ಅಡ್ಡ ಬರುವುದಿಲ್ಲ. ಕ್ಯಾಮೆರಾದ ಸಿಗ್ನಲ್ ಮೈನಸ್ 86ರಿಂದ 64ಕ್ಕೆ ಬಂತು. ಇಪ್ಪತ್ತೆರಡು ಡೆಸಿಬೆಲ್ ಕೇಳಲು ಸಣ್ಣ ಸಂಖ್ಯೆ. ಲೆಕ್ಕದಲ್ಲಿ ಅದು ನೂರೈವತ್ತು ಪಟ್ಟಿಗಿಂತ ಹೆಚ್ಚು ಶಕ್ತಿ. ನನ್ನ ಮೇಜಿಗೆ ಬರುವ ಸಿಗ್ನಲ್ 48ರಿಂದ 60ಕ್ಕೆ ಇಳಿಯಿತು. ನನಗೆ ಅಷ್ಟು ಸಾಕು. ಅಪ್ಪ ಮಾತ್ರ ರಾತ್ರಿ ಜಗಲಿಯಲ್ಲಿ ಮಿಣಮಿಣ ಅನ್ನುವ ಹಸಿರು ದೀಪ ನೋಡಲಾಗದೆ ಅದರ ಮೇಲೊಂದು ಸ್ಟಿಕ್ಕರ್ ಅಂಟಿಸಿದ.

ಆ ವಾರದ ಮೀಟಿಂಗುಗಳು ಒಂದೂ ಕಟ್ ಆಗಲಿಲ್ಲ. ಮ್ಯಾನೇಜರ್ ಆಮೇಲೆ ಆಫೀಸಿನ ಸುದ್ದಿ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೊಯ್ಲು ಇನ್ನೂ ಒಂದು ಸುತ್ತು ಬಾಕಿ ಇದೆ.

ನಿಮ್ಮ ಮನೆಯ ವೈಫೈ ದಿನ ಹೋದಂತೆ ನಿಧಾನ ಆಗುತ್ತಿದ್ದರೆ ಹೊಸ ರೌಟರ್ ಆರ್ಡರ್ ಮಾಡುವ ಮೊದಲು ಕೇಬಲ್ ಹಾಕಿ ನೋಡಿ, ಆಮೇಲೆ ಆ ಪಟ್ಟಿಯ ಕೊನೆಯ ಸಾಲು ನೋಡಿ. ಯಾವುದೋ ಹಳೆಯ ಫೋನೋ, ದೂರದ ರೂಮಿನ ಟಿವಿಯೋ ಸಣ್ಣ ದನಿಯಲ್ಲಿ ಮಾತಾಡುತ್ತಾ ಇರಬಹುದು. ಬ್ಲಾಕ್ ಮಾಡುವುದು ಒಂದು ಕ್ಲಿಕ್ಕಿನ ಕೆಲಸ. ಅದಕ್ಕಿಂತ ಮುಂಚೆ ಅದು ಯಾರದ್ದು ಅಂತ ಒಮ್ಮೆ ಕೇಳಿಕೊಳ್ಳಿ. ನಮ್ಮ ರೌಟರಿನಲ್ಲಿ 1 ಎಂಬಿಪಿಎಸ್ ಇನ್ನೂ ಚಾಲೂ ಇದೆ, ನಾನು ಆ ಟಿಕ್ ತೆಗೆದಿಲ್ಲ. ಮಳೆಗಾಲದಲ್ಲಿ ಒಂದೊಂದು ದಿನ ಬೇಕಾಗಬಹುದು.