ಮೂರು ಆಣೆ ಆಚೀಚೆ

ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಚೈನು ಎಳೆಸಿ ನಿವೃತ್ತನಾದ ನಾನು ಅಕ್ಷಾಂಶ ರೇಖಾಂಶದ ಪಾಠವನ್ನು ಹತ್ತು ವರ್ಷದ ಮೊಮ್ಮಗ ಪುಟ್ಟನಿಂದ ಹೇಳಿಸಿಕೊಂಡೆ. ಅದೂ ಮಳೆಯಲ್ಲಿ ನಿಂತು. ಮಗಳ ಮನೆ ಇರುವುದು ಅಮೆರಿಕದ ಆರೆಗನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡಿನ ಪಕ್ಕ. ಅಲ್ಲಿಯ ಮಳೆ ನಮ್ಮ ಆಗುಂಬೆಯದರ ಹಾಗೆ ಧೋ ಎಂದು ಸುರಿದು ಕೈತೊಳೆದುಕೊಳ್ಳುವುದಿಲ್ಲ. ಸಾಲ ಕೊಟ್ಟವನ ಹಾಗೆ ದಿನವಿಡೀ ಬಾಗಿಲಲ್ಲೇ ನಿಂತಿರುತ್ತದೆ.

ಆಟದ ಹೆಸರು ಜಿಯೋಕ್ಯಾಶಿಂಗ್. ಯಾರೋ ಒಬ್ಬರು ಕಾಡಿನಲ್ಲೋ ಪಾರ್ಕಿನಲ್ಲೋ ಒಂದು ಡಬ್ಬಿ ಬಚ್ಚಿಟ್ಟು ಅದರ ಅಕ್ಷಾಂಶ ರೇಖಾಂಶ ಪ್ರಕಟಿಸುತ್ತಾರೆ. ಉಳಿದವರು ಹುಡುಕಿ, ಒಳಗಿರುವ ಪುಸ್ತಕದಲ್ಲಿ ರುಜು ಹಾಕಿ, ಇದ್ದಲ್ಲೇ ಇಟ್ಟು ಬರಬೇಕು. ಅಷ್ಟೇ. ಬಹುಮಾನವಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ “ವಾರಸುದಾರರಿಲ್ಲದ ವಸ್ತುಗಳನ್ನು ಮುಟ್ಟಬೇಡಿ” ಎಂದು ದಿನಕ್ಕೆ ನೂರು ಸಲ ಕೇಳಿಸಿಕೊಂಡ ನಮ್ಮವಳಿಗೆ ಇದು ಬೇಕೆಂದೇ ತೊಂದರೆ ಮೈಮೇಲೆ ಎಳೆದುಕೊಳ್ಳುವ ಕೆಲಸವಾಗಿ ಕಂಡಿತು. “ಪೊಲೀಸ್ ಬಂದರೆ ನೀವೇ ಮಾತಾಡಿ, ನನಗೆ ಇಂಗ್ಲಿಷ್ ಬರುವುದಿಲ್ಲ,” ಎಂದು ಮೊದಲೇ ಹೇಳಿಬಿಟ್ಟಳು.

ಈ ಆಟ ಹುಟ್ಟಿದ್ದೂ ಮಗಳ ಮನೆಯಿಂದ ಬಹಳ ದೂರವೇನಲ್ಲ. 2000ದ ಮೇ ತಿಂಗಳವರೆಗೆ ಅಮೆರಿಕದ ಸೈನ್ಯ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸಿ ಜನಸಾಮಾನ್ಯರಿಗೆ ಕೊಡುತ್ತಿತ್ತು. ಹಾಲಿಗೆ ನೀರು ಬೆರೆಸಿದ ಹಾಗೆ. ಸ್ಥಳ ನೂರು ಮೀಟರಿನವರೆಗೂ ತಪ್ಪಾಗಿ ತೋರುತ್ತಿತ್ತು. ಅಧ್ಯಕ್ಷ ಕ್ಲಿಂಟನ್ ಆಜ್ಞೆಯಂತೆ ನೀರು ಬೆರೆಸುವುದು ನಿಂತ ಮರುದಿನವೇ, ಅಂದರೆ ಮೇ 3ರಂದು, ಡೇವ್ ಅಲ್ಮರ್ ಎಂಬಾತ ಬೀವರ್‌ಕ್ರೀಕ್ ಎಂಬ ಊರಿನ ಹತ್ತಿರ ಒಂದು ಬಕೆಟ್ ಹೂತಿಟ್ಟು ಗುರುತು ಪ್ರಕಟಿಸಿದ. ಒಳಗೆ ಪುಸ್ತಕ, ಒಂದಿಷ್ಟು ದುಡ್ಡು, ಒಂದು ಕವಣೆ, ಮತ್ತೆ ಹುರುಳಿಕಾಯಿಯ ಜಾತಿಯ ಕಾಳು ತುಂಬಿದ ಒಂದು ತಗಡಿನ ಡಬ್ಬ. ಬಕೆಟ್ಟಿನ ಜಾಗದಲ್ಲಿ ಈಗ ಫಲಕವಿದೆ. ಕಾಳಿನ ಡಬ್ಬಕ್ಕೆ ಮಾತ್ರ ದೇವರ ಪಾದುಕೆಗೆ ಸಿಗುವ ಮರ್ಯಾದೆ. ಅದು ಊರೂರು ಸವಾರಿ ಹೋಗುತ್ತದಂತೆ.

ಅಳಿಯಂದಿರ ಡ್ರಾಯರಿನಲ್ಲಿ ಕೈಯಲ್ಲಿ ಹಿಡಿಯುವ ಒಂದು ಜಿಪಿಎಸ್ ಇತ್ತು, ನಮ್ಮ ಕಾಲದ ಟ್ರಾನ್ಸಿಸ್ಟರ್ ರೇಡಿಯೊದ ಮರಿಯಂತೆ. ಫೋನಿನಲ್ಲೇ ಆಗುತ್ತದಲ್ಲ ಅಂದೆ. ಫೋನು ಮುಟ್ಟಬಾರದೆಂದು ಪುಟ್ಟನಿಗೆ ಅವರಮ್ಮನ ಕಾನೂನು. ಈ ಯಂತ್ರಕ್ಕೆ ಆ ಕಾನೂನು ತಗಲುವುದಿಲ್ಲ. ಹೊಸ ಸೆಲ್ಲು ಹಾಕಿ ಅಂಗಳಕ್ಕೆ ಹೋದೆವು. ಐದು ನಿಮಿಷವಾದರೂ ಅದು ತಾನೆಲ್ಲಿದ್ದೇನೆಂದು ಹೇಳಲೊಲ್ಲದು. ಕೆಟ್ಟಿದೆ, ಎಸೆ ಅಂದೆ. “ತಾತ, ಪಂಚಾಂಗ ಓದ್ತಾ ಇದೆ!” ಅಂದ ಹುಡುಗ. ಅವನು ಹೇಳಿದ ಇಂಗ್ಲಿಷ್ ಪದ ಆಲ್ಮನಾಕ್. ಪಂಚಾಂಗ ಎಂದು ಮಾಡಿಕೊಂಡವನು ನಾನು. ವರ್ಷಗಟ್ಟಲೆ ಮಲಗಿದ್ದ ಯಂತ್ರ ಎದ್ದರೆ ಯಾವ ಉಪಗ್ರಹ ಯಾವ ಮನೆಯಲ್ಲಿದೆ ಎಂಬ ಲೆಕ್ಕವನ್ನು ಆಕಾಶದಿಂದಲೇ ಇಳಿಸಿಕೊಳ್ಳಬೇಕು. ಪೂರ್ತಿ ಇಳಿಯಲು ಹನ್ನೆರಡೂವರೆ ನಿಮಿಷ ಬೇಕು. 20,200 ಕಿಲೋಮೀಟರ್ ಮೇಲಿಂದ ಬರುವ ಸುದ್ದಿ, ಕಡಿಮೆಯೆಂದರೂ ನಾಲ್ಕು ಉಪಗ್ರಹಗಳಿಂದ ಬರಬೇಕು. ಮೂರು ಸ್ಥಳಕ್ಕೆ, ನಾಲ್ಕನೆಯದು ನಮ್ಮ ಕೈಯಲ್ಲಿರುವ ಅಗ್ಗದ ಗಡಿಯಾರವನ್ನು ತಿದ್ದುವುದಕ್ಕೆ. ಗಡಿಯಾರ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೆ ದೂರ 300 ಮೀಟರ್ ತಪ್ಪುತ್ತದೆ. ಇದನ್ನು ಕೇಳಿದ ಮೇಲೆ ತೆರೆದ ಜಾಗದಲ್ಲಿ ಸುಮ್ಮನೆ ನಿಂತು ಕಾಯುವುದಕ್ಕೆ ನನಗೆ ಬೇಸರವಾಗಲಿಲ್ಲ.

ಮುಂದಿನ ಅವಾಂತರಕ್ಕೆ ನಾನೇ ಹೊಣೆ. ಸಂಖ್ಯೆ ಒತ್ತಿದೆ. ಡಬ್ಬಿ ಎಂಟು ಸಾವಿರ ಕಿಲೋಮೀಟರ್ ದೂರದಲ್ಲಿದೆ ಎಂದಿತು ಯಂತ್ರ. ಜನ್ಮವೆಲ್ಲ ಪೂರ್ವ ರೇಖಾಂಶದಲ್ಲಿ ಬದುಕಿದವನು, ಪಶ್ಚಿಮದ ಅಕ್ಷರ ಹಾಕದೆ ನಮ್ಮನ್ನೆಲ್ಲ ಚೀನಾದ ಈಶಾನ್ಯ ಮೂಲೆಗೆ ಕಳಿಸಿದ್ದೆ. ಅದನ್ನು ತಿದ್ದಿ ಹೊರಟರೆ ಯಾರದೋ ಮನೆಯ ಗೇಟು, ಗೇಟಿನ ಹಿಂದೆ ಕರುವಿನಷ್ಟು ಎತ್ತರದ ನಾಯಿ. ಈ ಆಟದವರು ಡಿಗ್ರಿ, ನಿಮಿಷ ಬರೆದು, ಆಮೇಲೆ ಸೆಕೆಂಡು ಬರೆಯುವುದಿಲ್ಲ; ನಿಮಿಷವನ್ನೇ ದಶಾಂಶದಲ್ಲಿ ಸೀಳುತ್ತಾರೆ. ಅವರು 17.460 ಎಂದರೆ ಹದಿನೇಳು ನಿಮಿಷ, ಇಪ್ಪತ್ತೇಳೂವರೆ ಚಿಲ್ಲರೆ ಸೆಕೆಂಡು. ನಾನು ಅದೇ ತರಹದ ಸಂಖ್ಯೆಯನ್ನು ಹದಿನೇಳು ನಿಮಿಷ ನಲವತ್ತಾರು ಸೆಕೆಂಡು ಎಂದು ಓದಿ ಅರ್ಧ ಕಿಲೋಮೀಟರಿಗೂ ಮಿಕ್ಕಿ ಉತ್ತರಕ್ಕೆ ಹೋಗಿದ್ದೆ. ನಾಚಿಕೆಯಾಯಿತು. ನಮ್ಮ ಮೂವತ್ಮೂರಡಿ ಚೈನಿಗೆ ಹದಿನಾರು ಆಣೆ. ಎಂಟಾಣೆಯೆಂದರೆ ಅರ್ಧ ಚೈನು, ಪಾಯಿಂಟ್ ಎಂಟು ಅಲ್ಲ ಎಂದು ಹೊಸ ಸರ್ವೆಯರುಗಳನ್ನು ಎಷ್ಟು ಬೈದಿದ್ದೇನೋ.

ಆಣೆ ಅಂದೆ ನೋಡಿ, ಅವತ್ತು ರಾತ್ರಿ ಲೆಕ್ಕ ಹಾಕಿದೆ. ಅಕ್ಷಾಂಶದ ಒಂದು ನಿಮಿಷ ನೆಲದ ಮೇಲೆ 1,852 ಮೀಟರ್. ಅದರ ಸಾವಿರದಲ್ಲೊಂದು ಪಾಲು 1.85 ಮೀಟರ್, ಅಂದರೆ ಹೆಚ್ಚೂಕಮ್ಮಿ ಮೂರಾಣೆ! ರೇಖಾಂಶಗಳು ಧ್ರುವದ ಕಡೆ ಹೋದಷ್ಟೂ ಹತ್ತಿರವಾಗುವುದರಿಂದ ಆರೆಗನ್ನಿನ 45 ಡಿಗ್ರಿಯಲ್ಲಿ ಅಡ್ಡಕ್ಕೆ ಎರಡಾಣೆ. ಬರೆದ ಕೊನೆಯ ಅಂಕಿಯೇ ಅಷ್ಟು ದಪ್ಪ. ಅದರ ಮೇಲೆ ಯಂತ್ರದ ತಪ್ಪು, ಒಳ್ಳೆಯ ಆಕಾಶವಿದ್ದರೂ ನಾಲ್ಕೈದು ಮೀಟರ್. ಬಚ್ಚಿಟ್ಟವನ ಯಂತ್ರಕ್ಕೂ ಅದೇ ತಪ್ಪು ಇರುತ್ತದೆಂದು ಯಾರೂ ನೆನೆಯುವುದಿಲ್ಲ. ಇಬ್ಬರ ತಪ್ಪು ಒಂದಕ್ಕೊಂದು ಎದುರು ದಿಕ್ಕಿಗೆ ವಾಲಿದರೆ ಡಬ್ಬಿ ಪಕ್ಕದ ಹೊಲಕ್ಕೇ ದಾಟಿಬಿಡುತ್ತದೆ. (ನಕ್ಷೆಯ ಆಧಾರ ಡಬ್ಲ್ಯೂಜಿಎಸ್ 84 ಇರಬೇಕು. ನಮ್ಮ ಹಳೆಯ ಭೂಪಟಗಳ ಎವರೆಸ್ಟ್ ಲೆಕ್ಕವನ್ನು ಹಾಕಿಕೊಂಡರೆ ತಪ್ಪು ಮೀಟರುಗಳಲ್ಲಿ ನಿಲ್ಲುವುದಿಲ್ಲ.)

ಭಾನುವಾರ ಸರಿಯಾದ ಜಾಗಕ್ಕೇ ಹೋದೆವು. ಡಗ್ಲಸ್ ಫರ್ ಮರಗಳ ಕಾಡು. ತಲೆ ಎತ್ತಿದರೆ ಟೋಪಿ ಬೀಳಬೇಕು. ಯಂತ್ರದ ಬಾಣ ಮೂವತ್ತು ಮೀಟರಿನವರೆಗೆ ವಿಧೇಯವಾಗಿತ್ತು. ಆಮೇಲೆ ಹುಚ್ಚು ಹಿಡಿಯಿತು. ನಿಂತರೆ ಗಿರ್ರನೆ ತಿರುಗುತ್ತದೆ, ನಡೆದರೆ ಹಿಂದಕ್ಕೆ ತೋರಿಸುತ್ತದೆ. ಸಂಕೇತ ಒದ್ದೆ ಎಲೆಗಳಲ್ಲಿ ಸೊರಗಿ, ಕಾಂಡಗಳಿಗೆ ಬಡಿದು ಸುತ್ತುಹಾದಿಯಲ್ಲಿ ಬರುವುದರಿಂದ ದೂರದ ಲೆಕ್ಕ ಕೆಡುತ್ತದೆ. ಅದೂ ಅಲ್ಲದೆ ಈ ಹಳೆಯ ಮಾದರಿಯಲ್ಲಿ ದಿಕ್ಸೂಚಿ ಇಲ್ಲ; ನಡೆಯುತ್ತಿದ್ದರೆ ಮಾತ್ರ ಅದಕ್ಕೆ ಮುಂದು ಹಿಂದು ತಿಳಿಯುವುದು. ದಿಕ್ಸೂಚಿ ಇರುವ ಯಂತ್ರವಾದರೆ ಸೆಲ್ಲು ಬದಲಿಸಿದಾಗೆಲ್ಲ ಹಿಡಿದುಕೊಂಡು ನಿಧಾನವಾಗಿ ಆತ್ಮಪ್ರದಕ್ಷಿಣೆ ಮಾಡಬೇಕಂತೆ. ಪುಟ್ಟ ಬಾಣದ ಹಿಂದೆ ಓಡಿ ಓಡಿ, ಜೇನ್ನೊಣದ ಹಾಗೆ ಎಂಟು ಬರೆದ.

ಇಲ್ಲಿ ನನ್ನ ಹಳೆಯ ಕಸುಬು ಕೈಹಿಡಿಯಿತು. ಇಪ್ಪತ್ತು ಹೆಜ್ಜೆ ಹಿಂದೆ, ಮರ ಕಮ್ಮಿ ಇರುವಲ್ಲಿಗೆ ಬಂದೆವು. ಅಲ್ಲಿಂದ ನಿಧಾನವಾಗಿ ನೇರ ನಡೆದು ಬಾಣದ ದಿಕ್ಕಿಗೆ ಒಂದು ಗುರುತು. ಪಕ್ಕಕ್ಕೆ ಸುತ್ತಿ ಬಂದು ಇನ್ನೊಂದು ಗೆರೆ. ಮೂರನೆಯ ಕಡೆಯಿಂದ ಮತ್ತೊಂದು. ಮೂರು ಗೆರೆ ಒಂದನ್ನೊಂದು ಕತ್ತರಿಸಿದಲ್ಲಿ ಕೊಡೆ ಊರಿದೆ. ಯಂತ್ರವನ್ನು ಜೇಬಿಗೆ ಹಾಕು ಅಂದೆ. ಸರ್ವಿಸಿನಲ್ಲಿದ್ದಾಗ ನಮ್ಮ ಬಾಂದು ಜವಾನರೊಬ್ಬರು ಹೀಗೇ ಮಾಡುತ್ತಿದ್ದರು. ನಾನು ಟಿಪ್ಪಣಿ ಹಿಡಿದು ಏಳಾಣೆಯೋ ಏಳೂವರೆಯೋ ಎಂದು ತಡಕಾಡುವಾಗ ಅವರು ಬೀಡಿ ಆರಿಸಿ, ಬೇಲಿ ಸೊಟ್ಟಗಾದ ಕಡೆ ನೋಡಿ ಹಾರೆ ಹಾಕುತ್ತಿದ್ದರು. ಟಣ್. ಬಾಂದುಕಲ್ಲು.

ಕೊಡೆಯ ಸುತ್ತ ನಾನೂ ಪುಟ್ಟನೂ ಕಾಲು ಗಂಟೆ ಕೆದಕಿದೆವು. ಪಾಚಿ, ಜರೀಗಿಡ, ಒಂದು ಹಳದಿ ಬಸವನಹುಳು. ಡಬ್ಬಿ ಇಲ್ಲ. ನಮ್ಮವಳು ಬಿದ್ದ ಮರದ ಮೇಲೆ ಫ್ಲಾಸ್ಕ್ ಹಿಡಿದು ಕೂತಿದ್ದವಳು ಕೇಳಿದಳು: “ರೀ, ಅಲ್ಲಿ ಯಾರು ಸೌದೆ ಒಟ್ಟಿದ್ದಾರೆ?” ಬೇರಿನ ಸಂದಿಗೆ ಅಡ್ಡಲಾಗಿ ಏಳೆಂಟು ಕಡ್ಡಿಗಳು, ಒಂದೇ ಉದ್ದದವು, ಒಂದೇ ದಿಕ್ಕಿಗೆ. ಮರದಿಂದ ಬಿದ್ದದ್ದು ಹಾಗೆ ಬೀಳುವುದಿಲ್ಲವೆಂದು ಒಲೆಯ ಮುಂದೆ ಬೆಳೆದವಳಿಗೆ ಗೊತ್ತು. ಕೊಡೆಯಿಂದ ಅಳೆದೆ, ಆರು ಹೆಜ್ಜೆ.

ಡಬ್ಬಿಯೊಳಗೆ ಗೋಲಿ, ಆಟಿಕೆ ಕಾರು, ಪ್ಲಾಸ್ಟಿಕ್ ಚೀಲದಲ್ಲಿ ಪುಸ್ತಕ. ಏನಾದರೂ ತೆಗೆದುಕೊಂಡರೆ ಅಷ್ಟೇ ಬೆಲೆಯದನ್ನು ಇಡಬೇಕೆಂಬ ನಿಯಮ. ನಮ್ಮವಳು ಎರಡು ಚಕ್ಕುಲಿ ಹೊರತೆಗೆದಳು. ತಿಂಡಿ ಇಟ್ಟರೆ ಪ್ರಾಣಿಗಳು ಡಬ್ಬಿ ಒಡೆಯುತ್ತವೆಂದು ಪುಟ್ಟ ತಡೆದ. ಎರಡು ರೂಪಾಯಿಯ ನಾಣ್ಯ ಇಟ್ಟು ಗೋಲಿ ತೆಗೆದುಕೊಂಡ. ರುಜು ಹಾಕೋಣವೆಂದರೆ ಪೆನ್ನು ತಂದಿಲ್ಲ. ಜೀವಮಾನವೆಲ್ಲ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡವನು! ಕೊನೆಗೆ ನಮ್ಮವಳ ಬ್ಯಾಗಿನಲ್ಲಿದ್ದ ಕಾಡಿಗೆ ಕಡ್ಡಿಯಲ್ಲಿ ಮೂವರೂ ಬರೆದೆವು. ನಾವಿಬ್ಬರು ಕನ್ನಡದಲ್ಲಿ ಬರೆದದ್ದನ್ನು ನೋಡಿ ಪುಟ್ಟನೂ ತನ್ನ ಇಂಗ್ಲಿಷ್ ಹೆಸರಿನ ಕೆಳಗೆ ಕನ್ನಡದಲ್ಲಿ ಬರೆದ, ಒತ್ತಕ್ಷರವನ್ನು ಮೂರಾಣೆ ಆಚೆಗೆ ಇಟ್ಟು.