ಕಂಬಗಳಲ್ಲಿ ಬರೆದ ಪಹಣಿ

ಸಿಡ್ನಿಯಿಂದ ಕ್ಯಾನ್‌ಬೆರಾಕ್ಕೆ ಸುಮಾರು 280 ಕಿಲೋಮೀಟರ್ ದಾರಿ. ಅದರ ಎರಡು ತುದಿಗಳಲ್ಲಿರುವ ಮೂರು ಕೃತಿಗಳನ್ನು ನೋಡಿದ ಮೇಲೆ, ಆಸ್ಟ್ರೇಲಿಯಾದ ಮೂಲನಿವಾಸಿಗಳ ಸಾರ್ವಜನಿಕ ಕಲೆಯನ್ನು ಪಹಣಿ ಓದಿದಂತೆ ಓದಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಅವರು 'ಕಂಟ್ರಿ' ಎಂದಾಗ ಒಂದು ಕುಲದ ನೆಲ, ನೀರು, ಪ್ರಾಣಿ, ಪೂರ್ವಿಕರು, ಕಥೆ ಎಲ್ಲವೂ ಅದರಲ್ಲಿ ಸೇರಿರುತ್ತವೆ. ನೆಲ ತಮ್ಮದು ಎನ್ನುವಷ್ಟೇ ಗಟ್ಟಿಯಾಗಿ ತಾವು ಆ ನೆಲದವರು ಎಂದೂ ಅವರು ಹೇಳುತ್ತಾರೆ. ಸಿಡ್ನಿಯಲ್ಲಿ ವಸಾಹತಿನ ಮೊದಲ ಗವರ್ನರ್ ಮನೆ ಇದ್ದ ಜಾಗದಲ್ಲಿ ಈಗ ಮ್ಯೂಸಿಯಂ ಆಫ್ ಸಿಡ್ನಿ ಇದೆ. ಬಡ್ಜಲ ಸಮುದಾಯದ ಫಿಯೋನಾ ಫೋಲಿ ಮತ್ತು ಜಾನೆಟ್ ಲಾರೆನ್ಸ್ 1995ರಲ್ಲಿ ಅದರ ಅಂಗಳದಲ್ಲಿ ಮರ, ಮರಳುಗಲ್ಲು, ಉಕ್ಕಿನ 29 ಕಂಬಗಳನ್ನು ನಿಲ್ಲಿಸಿದರು. ಇವು ಸಿಡ್ನಿ ಸುತ್ತಲಿನ 29 ಕುಲಗಳಿಗಾಗಿ. ಹತ್ತಿರ ಹೋದರೆ ಗಾಜಿನ ಕಿಂಡಿಗಳಲ್ಲಿ ಕೂದಲು, ಚಿಪ್ಪು, ಮೂಳೆ, ಬೂದಿ, ಜೇನು ಕಾಣುತ್ತವೆ. ಕಂಬಗಳ ನಡುವಿನಿಂದ ಮೂಲನಿವಾಸಿಗಳ ದನಿ ಸ್ಥಳಗಳ ಹೆಸರು ಹೇಳುತ್ತದೆ. ಯಾರದೂ ಅಲ್ಲವೆಂದು ವಸಾಹತುಗಾರರು ಬಗೆದ ನೆಲದಲ್ಲಿ ಇದು ಹೆಸರು ಹಿಡಿದು ಕೂಗುವ ಹಾಜರಿ.

ಸರ್ಕಾರದ ಅಂಗಳಕ್ಕೆ ಬಂದ ಕಲೆ ಸರ್ಕಾರದ ಶೃಂಗಾರವಾಗುತ್ತದೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ಕ್ಯಾನ್‌ಬೆರಾದ ಸಂಸತ್ ಭವನದ ಮುಂದೆ ವಾರ್ಲ್‌ಪಿರಿ ಕಲಾವಿದ ಮೈಕೆಲ್ ನೆಲ್ಸನ್ ಜಗಮಾರ ರಚಿಸಿದ ವಿನ್ಯಾಸ ಸುಮಾರು 90,000 ಗ್ರಾನೈಟ್ ಚೂರುಗಳಲ್ಲಿ ಹರಡಿಕೊಂಡಿದೆ. ಆದರೆ 1993ರಲ್ಲಿ, ಭೂಹಕ್ಕಿನ ಕಾನೂನಿನ ಚರ್ಚೆ ನಡೆದಿದ್ದಾಗ, ಅದೇ ಕಲಾವಿದರು ಪ್ರತಿಭಟಿಸಿ ಅದರ ನಡುವಿನ ಕಲ್ಲೊಂದನ್ನು ಕಿತ್ತರು. ಬರೀ ಶೃಂಗಾರವಾಗಿದ್ದರೆ ಆ ಒಂದು ಕಲ್ಲಿಗೆ ಅಷ್ಟು ಅರ್ಥ ಬರುತ್ತಿರಲಿಲ್ಲ. ದೂರದ ಮರುಭೂಮಿಯ ವಾರ್ಲ್‌ಪಿರಿ ಕಲೆ ನುನ್ನವಾಲ್ ಜನರ ನೆಲವಾದ ಕ್ಯಾನ್‌ಬೆರಾದಲ್ಲೇಕೆ ಎಂಬ ಪ್ರಶ್ನೆಯೂ ಇದೆ. ಅಲ್ಲಿಯ ರಾಷ್ಟ್ರೀಯ ಗ್ಯಾಲರಿಯ 'ಅಬೊರಿಜಿನಲ್ ಮೆಮೋರಿಯಲ್' ಇದಕ್ಕೆ ಉತ್ತರ ಕೊಡುತ್ತದೆ. ಬಿಳಿಯರ ವಸಾಹತಿಗೆ 200 ವರ್ಷ ತುಂಬಿದ 1988ಕ್ಕಾಗಿ, ಜಾನ್ ಮಂಡೈನ್ ಅವರ ಕಲ್ಪನೆಯಂತೆ, ಆರ್ನ್‌ಹೆಮ್ ಲ್ಯಾಂಡಿನ 43 ಕಲಾವಿದರು 200 ಟೊಳ್ಳು ಮರದ ಶವಕಂಬಗಳನ್ನು ಮಾಡಿದರು. ವರ್ಷಕ್ಕೊಂದರಂತೆ, ನೆಲ ಕಾಯುತ್ತ ಸತ್ತವರಿಗಾಗಿ. ಗೆದ್ದಲು ಕೊರೆದ ಬೊಡ್ಡೆಗಳ ಮೇಲೆ ಕಾವಿಮಣ್ಣಿನ ಸಣ್ಣ ಗೀರುಗಳು ಒತ್ತೊತ್ತಾಗಿವೆ. ಕಂಬಗಳ ನಡುವಿನ ದಾರಿ ಗ್ಲೈಡ್ ನದಿಯ ಜಾಡಿನಂತೆ ಬಾಗುತ್ತದೆ, ಆ ನದಿಯ ದಂಡೆಯಲ್ಲಿ ಯಾವ ಕುಲ ಎಲ್ಲಿದೆಯೋ ಅದರ ಕಂಬಗಳೂ ಹೆಚ್ಚುಕಡಿಮೆ ಅಲ್ಲೇ ಇವೆ. ಇದು ಕ್ಯಾನ್‌ಬೆರಾವನ್ನು ತನ್ನದೆನ್ನುವುದಿಲ್ಲ. ತನ್ನ ನದಿಯ ಗುರುತನ್ನು ತಾನೇ ಹೊತ್ತು ಬಂದಿದೆ.

ಕಳೆದುಹೋದ ಒಂದು ಎಕರೆಯೂ ಈ ಕಂಬಗಳಿಂದ ಮರಳಿ ಬರಲಿಲ್ಲ ಎಂದರೆ ಅದು ನಿಜ. ಭೂಮಿ ಬಿಡಿಸಿಕೊಡುವುದು ಪಹಣಿಯ ಕೆಲಸವಲ್ಲ, ಅದಕ್ಕೆ ನ್ಯಾಯಾಲಯ ಬೇಕು, ಸಂಸತ್ತು ಬೇಕು. ಆದರೆ ಭೂಮಿ ಯಾರ ಹೆಸರಿನಲ್ಲಿತ್ತು ಎಂಬುದನ್ನು ಅಳಿಸದಂತೆ ಬರೆದಿಡದಿದ್ದರೆ, ಅಲ್ಲಿ ದಾವೆ ಹೂಡಲು ಕೈಯಲ್ಲಿ ಏನೂ ಉಳಿಯುವುದಿಲ್ಲ.