ಹಂಚುವ ಜ್ಞಾನಕ್ಕೂ ಆಚಾರವುಂಟು

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನಕ್ಕೆ ಒಂದು ವಿಶೇಷವುಂಟು. ಕೊಟ್ಟವನ ಬಳಿ ಅದು ಕುಂದುವುದಿಲ್ಲ, ಪಡೆದವನ ಬಳಿ ಬೆಳೆಯುತ್ತದೆ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಸಂಗತಿ ಜೈನ ಮನೆಗಳ ಮಕ್ಕಳಿಗೂ ತಿಳಿದಿದೆ. ಓಲೆಯನ್ನು ಹದಗೊಳಿಸಿ, ಕಂಟದಿಂದ ಅಕ್ಷರ ಕೊರೆದು, ಮಸಿ ತುಂಬಿ ಒಂದು ಪ್ರತಿಯನ್ನು ಸಿದ್ಧಪಡಿಸುವುದು ಲಿಪಿಕಾರನಿಗೆ ದೀರ್ಘಶ್ರಮದ ಕಾರ್ಯವಾಗಿತ್ತು. ಇಂದು ಮೊಬೈಲಿನ ಮೇಲೆ ಬೆರಳಿಟ್ಟರೆ ಒಂದು ಬರಹ ಕ್ಷಣಮಾತ್ರದಲ್ಲಿ ನೂರು ಮನೆಗಳನ್ನು ಸೇರುತ್ತದೆ. ದಾನ ಸುಲಭವಾಯಿತು, ದಾನಿಯ ಹೊಣೆಯೂ ಹಗುರವಾಯಿತೇ ಎಂಬುದು ವಿಚಾರಾರ್ಹ.

ಅಂತರ್ಜಾಲದಲ್ಲಿ ಕಂಡ ಸ್ವಾರಸ್ಯಗಳನ್ನು ಆಯ್ದು ಬಂಧುಮಿತ್ರರಿಗೆ ಕಳುಹಿಸುವ ಒಬ್ಬರಾದರೂ ಈಗ ಬಹುಪಾಲು ಕುಟುಂಬಗಳಲ್ಲಿ ಇದ್ದಾರೆ. ಅವರ ಒಂದು ಸಂಜೆಯ ಸಂಗ್ರಹದಲ್ಲಿ ಏನೆಲ್ಲ ಇರಬಹುದು! ಬಿ. ಎಲ್. ರೈಸ್ ಅವರು ೧೮೮೯ರಲ್ಲಿ ಪ್ರಕಟಿಸಿದ ಶ್ರವಣಬೆಳಗೊಳದ ಶಾಸನಸಂಪುಟ. ೧೮೯೪ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನ ಒಂದು ಪುಟ. ಮೂಡಬಿದಿರೆಯ ಸಾವಿರ ಕಂಬದ ಬಸದಿಯಲ್ಲಿರುವ, ಜಿರಾಫೆಯನ್ನು ಹೋಲುವ ಶಿಲ್ಪದ ಚಿತ್ರ. ಹೂವಿರುವ ಎಡೆಯನ್ನು ಸಂಗಾತಿಗಳಿಗೆ ಕುಣಿತದ ಮೂಲಕ ತಿಳಿಸುವ ಜೇನುನೊಣದ ವೃತ್ತಾಂತ. ಒಂದಕ್ಕೊಂದು ಸಂಬಂಧವಿಲ್ಲದಂತೆ ತೋರಿದರೂ ಇವೆಲ್ಲವೂ ಅರಿವಿನ ಕಣಗಳೇ.

ಇಂತಹ ಸಂಗ್ರಹಬುದ್ಧಿಯನ್ನು ಕೀಳಾಗಿ ಕಾಣಲಾಗದು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನ ತಂದೆ ಮಲ್ಲಿಕಾರ್ಜುನನು ಪೂರ್ವಕವಿಗಳ ಪದ್ಯಗಳನ್ನು ಆಯ್ದು ಸೂಕ್ತಿಸುಧಾರ್ಣವವನ್ನು ಸಂಕಲಿಸಿದನು. ಹದಿನಾರನೆಯ ಶತಮಾನದಲ್ಲಿ ಅಭಿನವ ವಾದಿ ವಿದ್ಯಾನಂದನು ಕಾವ್ಯಸಾರವನ್ನು ರಚಿಸಿದನು. ಮೊದಲನೆಯ ಗುಣವರ್ಮನ ಶೂದ್ರಕ ಮತ್ತು ಹರಿವಂಶ ಕಾವ್ಯಗಳು ಇಡಿಯಾಗಿ ಉಳಿದಿಲ್ಲ. ಆತನ ಕವಿತೆಯ ರುಚಿ ಇಂದಿಗೂ ದೊರೆಯುತ್ತಿರುವುದು ಬೇರೆಯವರು ಎತ್ತಿಕೊಂಡ ಪದ್ಯಗಳಿಂದ. ಆಯ್ದು ಹಂಚುವವನ ಕೈಯಲ್ಲಿ ಕಳೆದುಹೋಗುವುದನ್ನು ಉಳಿಸುವ ಶಕ್ತಿಯಿದೆ. ಇದ್ದುದನ್ನು ಕೆಡಿಸುವ ಶಕ್ತಿಯೂ ಅದೇ ಕೈಯಲ್ಲಿದೆ.

ಆದುದರಿಂದಲೇ ಪೂರ್ವಾಚಾರ್ಯರು ಜ್ಞಾನಕ್ಕೂ ಆಚಾರವನ್ನು ವಿಧಿಸಿದರು. ಕಾಲ, ವಿನಯ, ಉಪಧಾನ, ಬಹುಮಾನ, ಅನಿಹ್ನವ, ವ್ಯಂಜನ, ಅರ್ಥ, ತದುಭಯ ಎಂದು ಜ್ಞಾನಾಚಾರ ಎಂಟು ಬಗೆ. ಸ್ವಾಧ್ಯಾಯಕ್ಕಾಗಿ ಹೇಳಿದ ಈ ನಿಯಮಗಳಲ್ಲಿ ವ್ಯಂಜನ, ಅರ್ಥ, ಅನಿಹ್ನವ ಎಂಬ ಮೂರು ಇಂದು ಮೊಬೈಲು ಹಿಡಿದ ಪ್ರತಿಯೊಬ್ಬ ಶ್ರಾವಕನಿಗೂ ಅನ್ವಯಿಸುತ್ತವೆ.

ವ್ಯಂಜನಾಚಾರವೆಂದರೆ ಅಕ್ಷರಶುದ್ಧಿ. ವೀರಸೇನಾಚಾರ್ಯರ ಧವಳಾ ಟೀಕೆಯಲ್ಲಿ ಇದಕ್ಕೊಂದು ಮನೋಜ್ಞ ನಿದರ್ಶನವಿದೆ. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು, ಶ್ರುತವನ್ನು ಕಲಿಯಲು ದಕ್ಷಿಣದಿಂದ ಬಂದ ಇಬ್ಬರು ಮುನಿಗಳನ್ನು ಪರೀಕ್ಷಿಸಬಯಸಿ, ಒಬ್ಬರಿಗೆ ಒಂದು ಅಕ್ಷರ ಹೆಚ್ಚಿರುವ, ಮತ್ತೊಬ್ಬರಿಗೆ ಒಂದು ಅಕ್ಷರ ಕಡಿಮೆಯಿರುವ ವಿದ್ಯೆಯನ್ನು ಸಾಧಿಸಲು ಕೊಟ್ಟರು. ಸಾಧನೆ ಮುಗಿದಾಗ ಒಬ್ಬರಿಗೆ ಹಲ್ಲು ಮುಂದೆ ಚಾಚಿದ ದೇವತೆಯೂ ಇನ್ನೊಬ್ಬರಿಗೆ ಒಂದೇ ಕಣ್ಣಿನ ದೇವತೆಯೂ ಕಾಣಿಸಿದರು. ವಿಕಾರವು ದೇವತೆಗಳ ಸ್ವಭಾವವಲ್ಲವೆಂದು ತಿಳಿದ ಆ ಮುನಿಗಳು ಗುರುವಿತ್ತ ಮಂತ್ರವನ್ನೇ ವ್ಯಾಕರಣದಿಂದ ಪರಿಶೀಲಿಸಿ, ಹೆಚ್ಚಾದುದನ್ನು ತೆಗೆದು, ಕೊರತೆಯಾದುದನ್ನು ತುಂಬಿ ಮತ್ತೆ ಜಪಿಸಿದರು. ದೇವತೆಗಳು ಸಹಜರೂಪದಲ್ಲಿ ಮೈದೋರಿದರು. ಧರಸೇನರು ಅವರಿಗೆ ಶ್ರುತವನ್ನು ಒಪ್ಪಿಸಿದುದು ಅನಂತರವೇ. ಆ ಇಬ್ಬರೇ ಷಟ್ಖಂಡಾಗಮದ ಪುಷ್ಪದಂತ ಮತ್ತು ಭೂತಬಲಿಗಳು. ಪೂಜ್ಯರಿಂದಲೇ ಬಂದುದಾದರೂ ವಿಕಾರ ಕಂಡಲ್ಲಿ ಪರಿಶೀಲಿಸಬೇಕು. ಪರಿಶೀಲಿಸಿದವನೇ ಮುಂದಕ್ಕೆ ಸಾಗಿಸಲು ಅರ್ಹ.

ಅರ್ಥಾಚಾರಕ್ಕೆ ಶ್ರವಣಬೆಳಗೊಳದ ೧೩೬೮ರ ಬುಕ್ಕರಾಯನ ಶಾಸನ ತಕ್ಕ ಉದಾಹರಣೆ. ಜೈನದರ್ಶನಕ್ಕೂ ವೈಷ್ಣವದರ್ಶನಕ್ಕೂ ಭೇದವಿಲ್ಲವೆಂಬ ಅದರ ಆಶಯವನ್ನು ಬಿಡಿಯಾಗಿ ಎತ್ತಿ ಹಂಚುವುದುಂಟು. ಆದರೆ ಶಾಸನ ಆರಂಭವಾಗುವುದು, ತಮಗಾದ ಅನ್ಯಾಯವನ್ನು ಜೈನರು ಅರಸನಲ್ಲಿ ಬಿನ್ನವಿಸಿಕೊಂಡ ಸಂಗತಿಯಿಂದ. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ ಒಪ್ಪಂದ ಮಾಡಿಸಿದನು. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣವನ್ನೆತ್ತಿ, ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಆಳುಗಳನ್ನು ನೇಮಿಸಿ, ಉಳಿದ ದ್ರವ್ಯದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕೆಂಬ ವ್ಯವಸ್ಥೆಯೂ ಅಲ್ಲಿದೆ. ಬಿಡಿಸಾಲನ್ನು ಓದಿದವನಿಗೆ ಸಿಹಿಮಾತು ಮಾತ್ರ ದಕ್ಕುತ್ತದೆ. ಇಡೀ ಶಾಸನವನ್ನು ಓದಿದವನಿಗೆ, ಸೌಹಾರ್ದವೆಂಬುದು ನ್ಯಾಯ, ವೆಚ್ಚ, ಕಾವಲುಗಳಿಂದ ನಿಲ್ಲುವ ವಸ್ತುವೆಂಬ ಅರಿವಾಗುತ್ತದೆ.

ಅನಿಹ್ನವವೆಂದರೆ ಜ್ಞಾನವಿತ್ತವರನ್ನು ಮರೆಮಾಚದಿರುವುದು. ಕವಿರಾಜಮಾರ್ಗವು ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತರೆಂಬ ಗದ್ಯಕಾರರನ್ನು ಹೆಸರಿಸಿತು. ಅವರ ಗದ್ಯಕೃತಿಗಳು ಅಳಿದರೂ ಹೆಸರುಗಳು ಅಳಿಯಲಿಲ್ಲ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ತನಗೆ ಲಕ್ಷ್ಯವಾದ ಕವಿಗಳ ಹೆಸರುಗಳನ್ನು ಮೊದಲಿಗೇ ಹೇಳಿದನು. ಜೇನುನೊಣವು ಸಹ ತನ್ನ ಕುಣಿತದಲ್ಲಿ ಹೂವಿನ ದಿಕ್ಕನ್ನೂ ದೂರವನ್ನೂ ತಿಳಿಸುತ್ತದೆಂಬುದನ್ನು ಕಂಡುಕೊಂಡ ಕಾರ್ಲ್ ಫಾನ್ ಫ್ರಿಶ್ ಅವರು ೧೯೭೩ರ ನೊಬೆಲ್ ಪುರಸ್ಕಾರದಲ್ಲಿ ಪಾಲು ಪಡೆದರು. ಕೀಟವೇ ಮೂಲವನ್ನು ಬಚ್ಚಿಡದಿರುವಾಗ, ಮತ್ತೊಬ್ಬರ ಬರಹದಿಂದ ಹೆಸರನ್ನು ಅಳಿಸಿ ಕಳುಹಿಸುವುದು ವಿವೇಕಿಗೆ ತಕ್ಕುದಲ್ಲ.

ಸತ್ಯಾಣುವ್ರತದ ಅತಿಚಾರಗಳಲ್ಲಿ ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆಗಳೂ ಸೇರಿವೆ. ಆಧಾರವಿಲ್ಲದ ಮದ್ದಿನ ಸಲಹೆಯನ್ನು ನಂಬಿ ವೃದ್ಧರೊಬ್ಬರು ವೈದ್ಯರಿತ್ತ ಔಷಧವನ್ನು ಬಿಟ್ಟರೆ, ಅದನ್ನು ರವಾನಿಸಿದವನ ಮಿಥ್ಯೋಪದೇಶ ಹಿಂಸೆಯಲ್ಲಿ ಮುಗಿಯುತ್ತದೆ. ಒಂದು ಮನೆಯ ಕಲಹದ ಸುದ್ದಿಯನ್ನು ಹತ್ತು ಮನೆಗಳಿಗೆ ಮುಟ್ಟಿಸುವುದು ರಹೋಭ್ಯಾಖ್ಯಾನ. ಇವೆಲ್ಲಕ್ಕಿಂತ ಸೂಕ್ಷ್ಮವಾದ ಮೋಹ ಮತ್ತೊಂದಿದೆ. ಜಿನಧರ್ಮದ ಹಿರಿಮೆಯನ್ನು ಸಾರುವುದಕ್ಕಾಗಿ ವಿಜ್ಞಾನಿಗಳ ಹೆಸರಿನಲ್ಲಿ ಅವರು ಆಡದ ಮಾತುಗಳನ್ನು ಹಬ್ಬಿಸುವುದೇ ಆ ಮೋಹ. ಧರ್ಮದ ಪ್ರಭಾವನೆಗಾಗಿ ಹೇಳಿದ ಸುಳ್ಳೂ ಸುಳ್ಳೇ. ಮಕ್ಕಳು ಒಂದು ದಿನ ಆ ಸುಳ್ಳನ್ನು ಕಂಡುಹಿಡಿದರೆ, ಅದರೊಡನೆ ಹೇಳಿದ ಸತ್ಯವನ್ನೂ ಸಂಶಯಿಸುತ್ತಾರೆ. ಆ ನಷ್ಟವನ್ನು ಯಾವ ಪ್ರಭಾವನೆಯೂ ತುಂಬಲಾರದು.

ಹಾಗೆಂದು ಹಂಚುವುದನ್ನೇ ನಿಲ್ಲಿಸುವುದು ಪರಿಹಾರವಲ್ಲ. ಮಾತ್ಸರ್ಯದಿಂದ ಜ್ಞಾನವನ್ನು ಬಚ್ಚಿಡುವುದೂ, ಅದಕ್ಕೆ ಅಡ್ಡಿಪಡಿಸುವುದೂ ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಮೂಡಬಿದಿರೆಯ ಧವಳಾ ಓಲೆಗಳು ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ಸೀಮಿತವಾಗಿದ್ದವು. ಬಹುಜನರ ಪರಿಶ್ರಮದಿಂದ ಪ್ರತಿಗಳಾಗಿ, ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ೧೯೩೯ರಿಂದ ೧೯೫೮ರವರೆಗೆ ಹದಿನಾರು ಸಂಪುಟಗಳಾಗಿ ಅವು ಮುದ್ರಣಗೊಂಡವು. ಪೂಜೆಗೊಳ್ಳುತ್ತಿದ್ದ ಗ್ರಂಥ ಸ್ವಾಧ್ಯಾಯಕ್ಕೆ ದೊರೆಯಿತು.

ಬಸದಿಯ ಫಲಕದಲ್ಲಿ ಬರೆಯುವವರಾಗಲಿ, ಟ್ರಸ್ಟಿನ ಪರವಾಗಿ ಸಂದೇಶ ಕಳುಹಿಸುವವರಾಗಲಿ, ಮೊಮ್ಮಕ್ಕಳಿಗೆ ಸ್ವಾರಸ್ಯ ತಿಳಿಸುವ ಅಜ್ಜಿಯಾಗಲಿ, ಪಾಲಿಸಬೇಕಾದುದು ಇಷ್ಟೆ: ಹತ್ತನ್ನು ಅರೆಯಾಗಿ ಹಂಚುವುದಕ್ಕಿಂತ ಒಂದನ್ನು ಇಡಿಯಾಗಿ ಓದಿ, ಮೂಲದ ಹೆಸರಿನೊಡನೆ, ಅಕ್ಷರ ಕೆಡದಂತೆ ಹಂಚುವುದು. ಸೋಸದ ನೀರನ್ನು ಅತಿಥಿಗೆ ಕೊಡದ ಮನೆಗಳಿಗೆ ಸೋಸದ ಮಾತನ್ನು ಕೊಡದಿರುವುದು ಕಷ್ಟವಾಗಲಾರದು.